‘ಹೆಣ್ಣುಮಕ್ಕಳಿಗೆ ಮಾತ್ರ ಸ್ಕಾಲರ್‌ಶಿಪ್ ಸ್ಪರ್ಧೆ’ ನೋಟಿಸ್ ಬಂದಿದೆ: ಸಹಿ ಹಾಕುವ ಮುಂಚೆ ಏನೇನು ನೋಡಬೇಕು? (ಬೆಂಗಳೂರು, 8ರಿಂದ 10ನೇ ತರಗತಿ)

ಸುಂಕದಕಟ್ಟೆ ಪೋಷಕಿ

ನಮ್ಮ ಕಡೆಯ ಕೆಲವು ಹೈಸ್ಕೂಲುಗಳಲ್ಲಿ ಒಂದೇ ನೋಟಿಸ್ ಹಂಚಿದ್ದಾರೆ. 8, 9, 10ನೇ ತರಗತಿಯ ಹೆಣ್ಣುಮಕ್ಕಳಿಗೆ ಮಾತ್ರ. ನೋಂದಣಿ ₹499. ಮೊದಲು 60 ಅಂಕದ ಓಎಂಆರ್ (ಉತ್ತರದ ಗುಂಡು ತುಂಬುವ) ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ‘ವ್ಯಕ್ತಿತ್ವ ಸುತ್ತು’, ಕೊನೆಗೆ ವೇದಿಕೆಯ ಫೈನಲ್. ‘50 ಲಕ್ಷ ರೂಪಾಯಿ ಮೌಲ್ಯದವರೆಗಿನ ವಿದ್ಯಾರ್ಥಿವೇತನ’ ಎಂದು ದಪ್ಪ ಅಕ್ಷರದಲ್ಲಿದೆ. ಕೆಳಗೆ ತಂದೆ-ತಾಯಿಯ ಸಹಿ, ಮೊಬೈಲ್ ನಂಬರ್, ವಾರ್ಷಿಕ ಆದಾಯ, ಮಗುವಿನ ಫೋಟೊ, ಆಧಾರ್ ಪ್ರತಿ ಕೇಳಿದ್ದಾರೆ. ಶಾಲೆಯ ಮೂಲಕವೇ ಬಂದಿರುವುದರಿಂದ ಅನೇಕರು ನಂಬಿ ದುಡ್ಡು ಕಟ್ಟುತ್ತಿದ್ದಾರೆ. ಇದು ಅಸಲಿಯೇ ಎಂದು ಪರೀಕ್ಷಿಸುವುದು ಹೇಗೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಗಣಿತ ಮೇಡಂ

ಶಾಲೆಯ ಮೂಲಕ ಬಂತು ಎನ್ನುವುದು ಯಾವುದಕ್ಕೂ ಪುರಾವೆಯಲ್ಲ. ಖಾಸಗಿ ಸಂಸ್ಥೆಯವರು ಮುಖ್ಯೋಪಾಧ್ಯಾಯರ ಹತ್ತಿರ ಅರ್ಧ ಗಂಟೆ ‘ಓರಿಯೆಂಟೇಶನ್’ಗೆ ಅವಕಾಶ ಕೇಳುತ್ತಾರೆ, ಪ್ರಾರ್ಥನೆ ಮುಗಿದ ಮೇಲೆ ಮಾತಾಡುತ್ತಾರೆ, ಫಾರಂ ಹಂಚುತ್ತಾರೆ. ಶಿಕ್ಷಣ ಇಲಾಖೆ ಒಪ್ಪಿದ್ದರೆ ಬಿಇಒ ಅಥವಾ ಡಿಡಿಪಿಐ ಕಚೇರಿಯ ಸುತ್ತೋಲೆ ಇರುತ್ತದೆ. ಅದಕ್ಕೆ ಕಡತ ಸಂಖ್ಯೆ, ದಿನಾಂಕ ಇರುತ್ತವೆ. ‘ಸುತ್ತೋಲೆಯ ಸಂಖ್ಯೆ ಕೊಡಿ’ ಎಂದು ಶಾಲೆಯಲ್ಲಿ ಕೇಳಿ. ಇಲ್ಲ ಎಂದರೆ ಅದು ಖಾಸಗಿ ಜಾಹೀರಾತು, ಅಷ್ಟೇ.

ಆಮೇಲೆ ನೋಟಿಸಿನಲ್ಲಿ ನಾಲ್ಕು ವಿಷಯ ಹುಡುಕಿ: ಎಷ್ಟು ಜನರಿಗೆ ಹಣ, ಒಬ್ಬೊಬ್ಬರಿಗೆ ಎಷ್ಟು, ಯಾವ ತಾರೀಖಿನೊಳಗೆ, ಯಾರ ಖಾತೆಗೆ. ‘50 ಲಕ್ಷ ಮೌಲ್ಯದವರೆಗೆ’ ಎಂಬ ಮಾತಿನಲ್ಲಿ ಈ ನಾಲ್ಕಕ್ಕೂ ಉತ್ತರವಿಲ್ಲ. ಹೋಲಿಸಿ ನೋಡಲು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆ ಎನ್‌ಎಂಎಂಎಸ್ ತೆಗೆದುಕೊಳ್ಳಿ. 8ನೇ ತರಗತಿಯಲ್ಲಿ ಪರೀಕ್ಷೆ, ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ ₹12,000, ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷ ಮೀರಬಾರದು, ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯವರಿಗೆ ಮಾತ್ರ, ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಒಂದು ವಾಕ್ಯದಲ್ಲಿ ಎಲ್ಲವೂ ಬಂತು. ನಿಜವಾಗಿ ಹಣ ಕೊಡುವವರಿಗೆ ಇಷ್ಟು ಬರೆಯಲು ಕಷ್ಟವೇನಿಲ್ಲ.

ಲೆಕ್ಕದ ಪುಸ್ತಕ

ಹಣ ಯಾರಿಂದ ಯಾರಿಗೆ ಹೋಗುತ್ತದೆ ಎಂದು ನೋಡಿದರೆ ಎಲ್ಲ ಬಯಲಾಗುತ್ತದೆ. ಒಂದು ಉದಾಹರಣೆ ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ಆದರೆ ಇಂಥ ಸ್ಪರ್ಧೆಗಳು ನಡೆಯುವ ರೀತಿ ಇದೇ.

600 ಹುಡುಗಿಯರು ತಲಾ ₹499 ಕಟ್ಟಿದರೆ ₹2,99,400. ಅವರಲ್ಲಿ 150 ಜನರನ್ನು ‘ಫೈನಲಿಸ್ಟ್’ ಎನ್ನುತ್ತಾರೆ. ಅವರಿಂದ ಗ್ರೂಮಿಂಗ್, ಪೋರ್ಟ್‌ಫೋಲಿಯೊ ಫೋಟೊ, ಉಡುಪು ಎಂದು ತಲಾ ₹15,000: ಅಲ್ಲಿಗೆ ₹22,50,000. ಪ್ರತಿ ಫೈನಲಿಸ್ಟ್ ಮನೆಯವರು ₹500ರ ಹತ್ತು ಟಿಕೆಟ್ ಕೊಳ್ಳಬೇಕು ಎಂದರೆ ಇನ್ನೂ ₹7,50,000. ಒಟ್ಟು ₹32,99,400. ಗೆದ್ದವಳಿಗೆ ‘ಒಂದು ಲಕ್ಷದ ಸ್ಕಾಲರ್‌ಶಿಪ್’ ಎಂದು ಥರ್ಮಾಕೋಲ್ ಚೆಕ್. ಅದರಲ್ಲಿ ₹80,000 ಯಾವುದೋ ಸಹಭಾಗಿ ಸಂಸ್ಥೆಯ ಕೋರ್ಸಿನ ರಿಯಾಯಿತಿ ಕೂಪನ್ ಆಗಿದ್ದರೆ ನಗದು ಬರುವುದು ₹20,000. ಅಲ್ಲಿ ಬಹುಮಾನದ ಹಣ ಬರುವುದೇ ಸೋತ ಹುಡುಗಿಯರ ಮನೆಯಿಂದ.

₹499 ಸಣ್ಣ ಮೊತ್ತ ಎಂದು ಜನ ಯೋಚಿಸುವುದಿಲ್ಲ. ಸ್ಪರ್ಧೆಯವರಿಗೆ ಬೇಕಾದದ್ದು ಆ ₹499 ಅಲ್ಲ. ‘ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ’ ಎಂದು ಫೋನ್ ಮಾಡುವ ಅವಕಾಶ ಅವರಿಗೆ ಬೇಕು. ಆ ಮಾತು ಕೇಳಿದ ಮೇಲೆ ₹15,000ಕ್ಕೆ ಬೇಡ ಎನ್ನಲು ಅಪ್ಪ-ಅಮ್ಮನಿಗೆ ಮನಸ್ಸೇ ಬರುವುದಿಲ್ಲ. ಹೆಣ್ಣುಮಕ್ಕಳನ್ನೇ ಆರಿಸಿಕೊಳ್ಳುವುದಕ್ಕೂ ಇದೇ ಕಾರಣ. ಮಗಳಿಗೆ ಅವಕಾಶ ತಪ್ಪಿಸಿದೆವು ಎನ್ನುವ ಅಳುಕನ್ನು ಅವರು ಚೆನ್ನಾಗಿ ಬಲ್ಲರು.

ಯಲಹಂಕ ನ್ಯೂ ಟೌನ್

ಶುಲ್ಕ ಕೇಳಿದ್ದೆಲ್ಲ ಮೋಸ ಎಂದು ಹೇಳಲಾಗದು ಅಲ್ಲವೇ? ಗಣಿತ ಒಲಿಂಪಿಯಾಡ್‌ನ ಮೊದಲ ಹಂತ ಐಒಕ್ಯೂಎಂಗೂ ಶುಲ್ಕ ಇದೆ.

ಗಣಿತ ಮೇಡಂ

ಸರಿಯಾಗಿ ಹೇಳಿದಿರಿ ಸರ್. ಪರೀಕ್ಷೆ ನಡೆಸಲು ಖರ್ಚಿದೆ, ಅದಕ್ಕೊಂದು ಶುಲ್ಕ ಇರಬಹುದು. ಐಒಕ್ಯೂಎಂನಲ್ಲಿ ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ, ಉತ್ತರ ಎಲ್ಲವೂ ಬಹಿರಂಗ. ಮುಂದಿನ ಹಂತಕ್ಕೆ ಹೋದವರಿಗೆ ‘ಗ್ರೂಮಿಂಗ್ ಪ್ಯಾಕೇಜ್’ ಮಾರುವುದಿಲ್ಲ. ಅನುಮಾನ ಪಡಬೇಕಾದದ್ದು *ಆಯ್ಕೆಯಾದ ಮೇಲೆ* ಕೇಳುವ ಹಣಕ್ಕೆ. ‘ಪ್ರೊಸೆಸಿಂಗ್’, ‘ಸೀಟ್ ಲಾಕ್’, ‘ಮರಳಿಸುವ ಠೇವಣಿ’, ‘ಟಿಡಿಎಸ್ ಮುಂಗಡ’ ಅಂತ ಹೆಸರು ಬದಲಾಗುತ್ತಿರುತ್ತದೆ.

ಸರ್ಕಾರದ ಎರಡು ವಿದ್ಯಾರ್ಥಿವೇತನ ಪೋರ್ಟಲ್‌ಗಳಾದ ರಾಜ್ಯದ ಎಸ್‌ಎಸ್‌ಪಿ, ಕೇಂದ್ರದ ಎನ್‌ಎಸ್‌ಪಿ ಎರಡರಲ್ಲೂ ಅರ್ಜಿ ಹಾಕಲು ಶುಲ್ಕವಿಲ್ಲ. ಸೈಬರ್ ಸೆಂಟರಿನವರು ಟೈಪಿಂಗ್, ಸ್ಕ್ಯಾನಿಂಗ್‌ಗೆ ತೆಗೆದುಕೊಳ್ಳುವ ಹಣ ಅವರದು, ಇಲಾಖೆಯದಲ್ಲ.

ಇನ್ನೊಂದು ಕುರುಹು ಪರೀಕ್ಷೆಯ ಫಲಿತಾಂಶದಲ್ಲೇ ಸಿಗುತ್ತದೆ. ಒಂದೇ ತರಗತಿಯ ಐದಾರು ಮಕ್ಕಳ ಮೆಸೇಜ್ ಪಕ್ಕಪಕ್ಕ ಇಟ್ಟು ನೋಡಿ. ಚೆನ್ನಾಗಿ ಬರೆದವಳಿಗೂ ಖಾಲಿ ಬಿಟ್ಟವಳಿಗೂ ‘90%ವರೆಗೆ ಸ್ಕಾಲರ್‌ಶಿಪ್‌ಗೆ ಅರ್ಹ’ ಎಂದು ಬಂದಿದ್ದರೆ ಉತ್ತರಪತ್ರಿಕೆಯನ್ನು ಯಾರೂ ನೋಡಿಲ್ಲ. ಓಎಂಆರ್ ಪ್ರತಿ, ಕೀ ಉತ್ತರ, ಪೂರ್ತಿ ರ‍್ಯಾಂಕ್ ಪಟ್ಟಿ ಕೇಳಿ.

ಲೆಕ್ಕದ ಪುಸ್ತಕ

ಮೇಡಂ ಹೇಳಿದ ಟಿಡಿಎಸ್ (ಕೊಡುವವರೇ ಹಿಡಿದುಕೊಳ್ಳುವ ತೆರಿಗೆ) ವಿಷಯ ಬಿಡಿಸಿ ಹೇಳುತ್ತೇನೆ, ಇಲ್ಲಿ ಬಹಳ ಜನ ಹೆದರಿ ಹಣ ಕಳಿಸುತ್ತಾರೆ. ಶಿಕ್ಷಣದ ವೆಚ್ಚಕ್ಕೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಇಲ್ಲ. ಒಂದು ವೇಳೆ ಅದು ಸ್ಪರ್ಧೆಯ ನಗದು ಬಹುಮಾನವಾಗಿ ತೆರಿಗೆಗೆ ಒಳಪಟ್ಟರೂ ಕೊಡುವವರೇ ತೆರಿಗೆ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ‘ಮೊದಲು 30% ಈ ಯುಪಿಐ ಐಡಿಗೆ ಹಾಕಿ, ಆಮೇಲೆ ಪೂರ್ತಿ ಬಿಡುಗಡೆ’ ಎನ್ನುವುದು ಅಪ್ಪಟ ಸುಳ್ಳು.

ಕೋಚಿಂಗ್ ಸಂಸ್ಥೆಗಳ ‘ಸ್ಕಾಲರ್‌ಶಿಪ್ ಟೆಸ್ಟ್’ ಲೆಕ್ಕವೂ ತಿಳಿದಿರಲಿ. ಉದಾಹರಣೆಗೆ ಹೇಳುವ ಒಟ್ಟು ಶುಲ್ಕ ₹1,60,000, ನಿಮ್ಮ ಮಗಳಿಗೆ ‘50% ಸ್ಕಾಲರ್‌ಶಿಪ್’ ಎಂದುಕೊಳ್ಳಿ. ನೀವು ₹80,000 ಉಳಿಯಿತು ಎಂದುಕೊಳ್ಳುತ್ತೀರಿ. ಆದರೆ ಷರತ್ತಿನ ಪ್ರಕಾರ ರಿಯಾಯಿತಿ ಬೋಧನಾ ಶುಲ್ಕಕ್ಕೆ ಮಾತ್ರ. ಬೋಧನಾ ಶುಲ್ಕ ₹90,000, ಉಳಿದ ₹70,000 ದಾಖಲಾತಿ, ಪುಸ್ತಕ, ಟೆಸ್ಟ್ ಸರಣಿ, ಟ್ಯಾಬ್. ಅಂದರೆ ಕಡಿತ ₹45,000 ಮಾತ್ರ. ಕಟ್ಟಬೇಕಾದದ್ದು ₹1,15,000, ಅದರ ಮೇಲೆ 18% ಜಿಎಸ್‌ಟಿ ₹20,700. ಕೊನೆಗೆ ₹1,35,700. ಪರೀಕ್ಷೆ ಬರೆಯದೆ ನೇರ ಹೋದವರಿಗೆ ಎಷ್ಟು ಎಂದು ಬೇರೆ ನಂಬರಿನಿಂದ ಕೇಳಿ ನೋಡಿ. ಆ ದರವೂ ಇದೇ ಆಸುಪಾಸಿನಲ್ಲಿದ್ದರೆ ರಿಯಾಯಿತಿ ಎಂಬುದೇ ಇರಲಿಲ್ಲ.

‘ಕಂತಿನಲ್ಲಿ ಕಟ್ಟಿ’ ಎಂದು ಕೌನ್ಸೆಲರ್ ಟ್ಯಾಬ್‌ನಲ್ಲಿ ಓಟಿಪಿ ಹಾಕಿಸಿದರೆ ಅಲ್ಲೇ ನಿಲ್ಲಿಸಿ. ಅದು ಬಹಳ ಸಲ ಕಂತಲ್ಲ, ನಿಮ್ಮ ಹೆಸರಿನ ಸಾಲ. ಹಣಕಾಸು ಸಂಸ್ಥೆ ಪೂರ್ತಿ ಹಣವನ್ನು ಕೋಚಿಂಗ್‌ನವರಿಗೆ ಕೊಟ್ಟಾಗಿರುತ್ತದೆ. ಮಗಳು ಒಂದೇ ತಿಂಗಳಲ್ಲಿ ಬಿಟ್ಟರೂ ಇಎಂಐ ನಿಲ್ಲುವುದಿಲ್ಲ, ನಿಂತರೆ ನಿಮ್ಮ ಸಿಬಿಲ್ ಅಂಕ ಬೀಳುತ್ತದೆ. ಆರ್‌ಬಿಐ ನಿಯಮದಂತೆ ಡಿಜಿಟಲ್ ಸಾಲಕ್ಕೆ ಬಡ್ಡಿ, ಷರತ್ತುಗಳ ವಿವರವಿರುವ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಸಾಲದಿಂದ ದಂಡವಿಲ್ಲದೆ ಹಿಂದೆ ಸರಿಯಲು ಇರುವ ಅವಧಿಯೂ ಅದರಲ್ಲೇ ಇರುತ್ತದೆ. ಅದನ್ನು ಕೇಳಿ ಪಡೆಯಿರಿ, ಬೇಡವೆನಿಸಿದರೆ ಆ ಅವಧಿಯೊಳಗೇ ಸಾಲ ಕೊಟ್ಟವರಿಗೆ ಇಮೇಲ್ ಮಾಡಿ. ಕೋಚಿಂಗ್‌ನವರಿಗೆ ಹೇಳಿದರೆ ಸಾಲ ರದ್ದಾಗುವುದಿಲ್ಲ.

ಮಲ್ಲೇಶ್ವರಂ 8ನೇ ಕ್ರಾಸ್

‘ಮೌಲ್ಯದ ವಿದ್ಯಾರ್ಥಿವೇತನ’ ಎಂಬ ಲೆಕ್ಕ ನಮ್ಮಲ್ಲೇ ಹುಟ್ಟಿದ್ದಲ್ಲ. ಅಮೆರಿಕದ ಮಿಸ್ ಅಮೆರಿಕ ಸಂಸ್ಥೆ ವರ್ಷಕ್ಕೆ 4.5 ಕೋಟಿ ಡಾಲರ್ ವಿದ್ಯಾರ್ಥಿವೇತನ ‘ಲಭ್ಯವಾಗಿಸುತ್ತೇವೆ’ ಎನ್ನುತ್ತಿತ್ತು. 2014ರಲ್ಲಿ ಅಲ್ಲಿನ ಒಂದು ಟಿವಿ ಕಾರ್ಯಕ್ರಮ ಅವರ ತೆರಿಗೆ ದಾಖಲೆಗಳನ್ನು ತೆಗೆದು ನೋಡಿದಾಗ ನಿಜವಾಗಿ ಕೊಟ್ಟ ಹಣ ಅದರ ಹತ್ತಿರಕ್ಕೂ ಬರಲಿಲ್ಲ. ಅಲಬಾಮಾ ರಾಜ್ಯದಲ್ಲಿ ಒಂದು ವಿಶ್ವವಿದ್ಯಾಲಯ ಕೊಡಲು ಒಪ್ಪಿದ ಶುಲ್ಕ ವಿನಾಯಿತಿಯನ್ನು ಅಷ್ಟೂ ಸ್ಪರ್ಧಿಗಳ ಸಂಖ್ಯೆಯಿಂದ ಗುಣಿಸಿ, 25 ಲಕ್ಷ ಡಾಲರಿಗೂ ಮಿಕ್ಕಿ ತೋರಿಸಿದ್ದರು. ಒಬ್ಬ ಹುಡುಗಿ ಒಂದೇ ಕಾಲೇಜಿಗೆ ಹೋಗಲು ಸಾಧ್ಯ. ಆದರೂ ಹತ್ತು ಕಾಲೇಜುಗಳ ವಿನಾಯಿತಿಯನ್ನು ಅವಳ ಹೆಸರಿಗೆ ಕೂಡಿಸಬಹುದು ಎನ್ನುವುದು ಈ ಲೆಕ್ಕದ ಗುಟ್ಟು. ಇಲ್ಲಿನ ನೋಟಿಸಿನ 50 ಲಕ್ಷವನ್ನೂ ಹೀಗೆಯೇ ಕಟ್ಟಿರಬಹುದು. ‘ಕಳೆದ ವರ್ಷ ಎಷ್ಟು ಜನರ ಖಾತೆಗೆ ಎಷ್ಟು ಹಣ ಜಮೆ ಆಗಿದೆ?’ ಎಂದು ಒಂದೇ ಪ್ರಶ್ನೆ ಕೇಳಿ.

ಸುಂಕದಕಟ್ಟೆ ಪೋಷಕಿ

ನೋಟಿಸಿನಲ್ಲಿ ಟ್ರಸ್ಟ್ ಎಂದಿದೆ, ಮೇಲೆ ‘ಬೇಟಿ’ ಎಂಬ ಹೆಸರಿನ ಲೋಗೊ ಇದೆ. ಸಂಸ್ಥೆ ನಿಜವೋ ಎಂದು ನಾವೇ ನೋಡಬಹುದಾ?

ಗ್ರಾಹಕ ವಕೀಲ

ನೋಡಬಹುದು ಅಕ್ಕ, ದುಡ್ಡು ಬೇಕಿಲ್ಲ. ಕಂಪನಿ ಎಂದು ಹೇಳಿಕೊಂಡರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ನೋಂದಣಿ ದಿನಾಂಕ, ವಿಳಾಸ ಸಿಗುತ್ತದೆ. ರಸೀದಿಯ ಮೇಲೆ ಜಿಎಸ್‌ಟಿ ಸಂಖ್ಯೆ ಇದ್ದರೆ ಜಿಎಸ್‌ಟಿ ಪೋರ್ಟಲ್‌ನ ತೆರಿಗೆದಾರರ ಹುಡುಕಾಟದಲ್ಲಿ ಹಾಕಿ: ಅಲ್ಲಿ ಬರುವ ಕಾನೂನುಬದ್ಧ ಹೆಸರು ‘ಈವೆಂಟ್ಸ್’ ಅಥವಾ ‘ಮಾಡೆಲಿಂಗ್’ ಆಗಿದ್ದರೆ ಟ್ರಸ್ಟ್ ಬರೀ ಮುಖವಾಡ. ಟ್ರಸ್ಟ್ ಆದರೆ ನೋಂದಣಿ ಸಂಖ್ಯೆ ಮತ್ತು ಯಾವ ಉಪನೋಂದಣಿ ಕಚೇರಿ ಎಂದು ಕೇಳಿ. ಸ್ವಯಂಸೇವಾ ಸಂಸ್ಥೆಗಳ ಸರ್ಕಾರಿ ಪೋರ್ಟಲ್ ಎನ್‌ಜಿಒ ದರ್ಪಣ್‌ನಲ್ಲೂ ಹುಡುಕಿ. ಆದರೆ ಒಂದು ಎಚ್ಚರಿಕೆ: ನೋಂದಣಿ ಇದೆ ಎಂದರೆ ಪ್ರಾಮಾಣಿಕರು ಎಂದಲ್ಲ. ಮೋಸವಾದಾಗ ಯಾರ ಮೇಲೆ ದೂರು ಕೊಡಬೇಕು ಎನ್ನುವುದು ಗೊತ್ತಾಗುತ್ತದೆ, ಅಷ್ಟೇ. ಇದಕ್ಕಿಂತ ಮುಖ್ಯ, ಯುಪಿಐನಲ್ಲಿ ಹಣ ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರು. ನೋಟಿಸಿನಲ್ಲಿ ಸಂಸ್ಥೆಯ ಹೆಸರು, ಪರದೆಯಲ್ಲಿ ಯಾರೋ ವ್ಯಕ್ತಿಯ ಹೆಸರು ಬಂದರೆ ಕಳಿಸಬೇಡಿ.

‘ಬೇಟಿ’, ‘ರಾಷ್ಟ್ರೀಯ’, ‘ಪ್ರಧಾನ ಮಂತ್ರಿ’ ಎಂಬ ಪದಗಳಿಗೆ ಮರುಳಾಗಬೇಡಿ. ಬೇಟಿ ಬಚಾವೊ ಬೇಟಿ ಪಢಾವೊ ಯೋಜನೆಯಲ್ಲಿ ಹುಡುಗಿಯರಿಗೆ ನಗದು ಕೊಡುವ ಭಾಗವೇ ಇಲ್ಲ. ಎರಡು ಲಕ್ಷ ಕೊಡುತ್ತಾರೆ ಎಂದು ಉತ್ತರ ಭಾರತದಲ್ಲಿ ನಕಲಿ ಫಾರಂ ಹಂಚಿದಾಗ ಕೇಂದ್ರ ಸಚಿವಾಲಯವೇ ಅದನ್ನು ಅಲ್ಲಗಳೆದಿತ್ತು. ಅಶೋಕ ಸ್ತಂಭದ ಲಾಂಛನವನ್ನು ಖಾಸಗಿಯವರು ಹಾಕಿಕೊಂಡರೆ ಅದು 2005ರ ಕಾಯಿದೆಯಡಿ ಅಪರಾಧ. ಎನ್‌ಟಿಎಸ್‌ಇ ಹೆಸರನ್ನೂ ಬಳಸುತ್ತಾರೆ. ಆ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ 2021ರಿಂದ ನಿಂತಿದೆ.

ಸಹಿಯ ಬಗ್ಗೆ. 1872ರ ಕರಾರು ಕಾಯಿದೆಯಂತೆ 18 ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲ. ಹಾಗಾಗಿಯೇ ಫಾರಂನಲ್ಲಿ ನಿಮ್ಮ ಸಹಿ ಕೇಳುತ್ತಾರೆ: ಕರಾರು ನಿಮ್ಮ ಮೇಲೆ ಬೀಳುತ್ತದೆ. ಹಿಂಬದಿಯ ಸಣ್ಣ ಅಕ್ಷರ ಓದಿ. ‘ಶುಲ್ಕ ಮರಳಿಸುವುದಿಲ್ಲ’, ‘ತೀರ್ಪು ಅಂತಿಮ’, ‘ಫೋಟೊ ಮತ್ತು ವಿಡಿಯೊಗಳನ್ನು ಯಾವುದೇ ಮಾಧ್ಯಮದಲ್ಲಿ, ಎಷ್ಟು ಕಾಲವಾದರೂ ಬಳಸಬಹುದು’. ಈ ಮೂರನೆಯದನ್ನು ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಹೊಡೆಯಲು ಬಿಡದಿದ್ದರೆ ಮಗುವನ್ನು ಕಳಿಸಬೇಡಿ. ಹದಿನಾಲ್ಕು ವರ್ಷದ ಹುಡುಗಿಯ ಫೋಟೊ ಎಲ್ಲಿಗೆ ಹೋಗುತ್ತದೆ ಎಂದು ಮುಂದೆ ತಡೆಯಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೋಟೆಲಿನಲ್ಲಿ ರಾತ್ರಿ ಉಳಿದು ಗ್ರೂಮಿಂಗ್, ಪೋಷಕರಿಗೆ ಪ್ರವೇಶವಿಲ್ಲ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಯಾವ ಬಹುಮಾನವೂ ಬೇಡ. ಅಸಭ್ಯವಾಗಿ ನಡೆದುಕೊಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಆದಾಯ, ವಿಳಾಸ, ಆಧಾರ್ ಪ್ರತಿಯನ್ನು ಪರೀಕ್ಷೆ ಬರೆಯಲು ಕೊಡಬೇಕಾದ ಅಗತ್ಯವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯಿದೆ 18ರೊಳಗಿನವರ ಮಾಹಿತಿಗೆ ಪೋಷಕರ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಪಾಲಿಸಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ರಕ್ಷಣೆ ಕೊಡದೇ ಇರುವುದು.

ಪೀಣ್ಯ 2ನೇ ಹಂತ

ಈಗಾಗಲೇ ಹಣ ಕಟ್ಟಿದವರು ಏನು ಮಾಡಬೇಕು? ನಮ್ಮ ಕಡೆ ಕೆಲವರು ₹1 ‘ವೆರಿಫಿಕೇಶನ್’ ಎಂದು ಕಳಿಸಿದ ಮೇಲೆ ತಿಂಗಳು ತಿಂಗಳು ಹಣ ಕಡಿತ ಆಗುತ್ತಿದೆ.

ಗ್ರಾಹಕ ವಕೀಲ

ಅದು ಆಟೊಪೇ, ಅಂದರೆ ಖಾತೆಯಿಂದ ತಾನಾಗಿ ಆಗುವ ಕಡಿತ. ₹1ಕ್ಕೆ ಪಿನ್ ಹಾಕುವಾಗ ಮ್ಯಾಂಡೇಟ್‌ಗೂ ಒಪ್ಪಿಗೆ ಹೋಗಿರುತ್ತದೆ. ₹15,000ದವರೆಗಿನ ಕಡಿತಕ್ಕೆ ಪ್ರತಿ ಸಲ ಓಟಿಪಿ ಕೇಳುವುದಿಲ್ಲ. 24 ಗಂಟೆ ಮುಂಚೆ ಒಂದು ಸೂಚನೆ ಮಾತ್ರ ಬರುತ್ತದೆ, ಜಾಹೀರಾತು ಮೆಸೇಜ್‌ಗಳ ನಡುವೆ ಅದು ಕಾಣುವುದಿಲ್ಲ. ಯುಪಿಐ ಆ್ಯಪ್ ತೆರೆದು ಆಟೊಪೇ ಅಥವಾ ಮ್ಯಾಂಡೇಟ್ ವಿಭಾಗದಲ್ಲಿ ಆ ಹೆಸರು ಹುಡುಕಿ ರದ್ದು ಮಾಡಿ. ಸ್ಪರ್ಧೆಯ ಆ್ಯಪ್ ಅಳಿಸಿದ ಮಾತ್ರಕ್ಕೆ ಮ್ಯಾಂಡೇಟ್ ಹೋಗುವುದಿಲ್ಲ.

ಹಣ ವಾಪಸ್ ಪಡೆಯಲು ಯಾವ ದಾರಿ ಎನ್ನುವುದು ಮೋಸ ಯಾವ ಬಗೆಯದು ಎನ್ನುವುದರ ಮೇಲಿದೆ. ನಕಲಿ ಸಂಸ್ಥೆ, ಫೋನ್ ಸ್ವಿಚ್ ಆಫ್, ವ್ಯಕ್ತಿಯ ಖಾತೆಗೆ ಹಣ: ಇದು ವಂಚನೆ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಯಬೇಕು, ಹಾಗಾಗಿ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. 12 ಅಂಕಿಯ ಯುಟಿಆರ್ (ವಹಿವಾಟಿನ) ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಹತ್ತಿರದ ಠಾಣೆಯಲ್ಲಿ ಅದರ ಪ್ರತಿ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಗೆ.

ಸಂಸ್ಥೆ ಕಣ್ಣೆದುರಿಗಿದೆ, ಕಾರ್ಯಕ್ರಮವೂ ನಡೆಯಿತು, ಹೇಳಿದ ಸ್ಕಾಲರ್‌ಶಿಪ್ ಮಾತ್ರ ಕೊಡಲಿಲ್ಲ: ಇದಕ್ಕೆ 1930 ಸರಿಯಾದ ಜಾಗವಲ್ಲ. ಇದು ದಾರಿತಪ್ಪಿಸುವ ಜಾಹೀರಾತು, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿ. ಮೊದಲು ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಸಂಸ್ಥೆಗೆ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು. ಮಗುವಿನ ಪರವಾಗಿ ತಂದೆ ಅಥವಾ ತಾಯಿ ದೂರುದಾರರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಜಾಹೀರಾತಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೋಚಿಂಗ್ ಜಾಹೀರಾತುಗಳಿಗೆ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯೂ ಬಂದಿದೆ.

ದೂರು ಬಿದ್ದುಹೋಗುವುದು ಹೆಚ್ಚಾಗಿ ಪುರಾವೆ ಇಲ್ಲದೆ. ಫಾರಂ ಅವರ ಹತ್ತಿರವೇ ಉಳಿದಿರುತ್ತದೆ, ನೋಟಿಸ್ ಕಸದ ಬುಟ್ಟಿ ಸೇರಿರುತ್ತದೆ, ವಾಟ್ಸಾಪ್ ಗ್ರೂಪಿನಿಂದ ನಿಮ್ಮನ್ನು ತೆಗೆದಿರುತ್ತಾರೆ. ನೋಟಿಸಿನ ಎರಡೂ ಬದಿಯ ಫೋಟೊ, ಗ್ರೂಪಿನ ಚಾಟ್ ಎಕ್ಸ್‌ಪೋರ್ಟ್, ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ನಗದು ಕಟ್ಟಿದ್ದರೆ ರಸೀದಿ ಕೇಳಿ. ಹತ್ತು ಜನ ಪೋಷಕರ ರಸೀದಿ ಒಟ್ಟಿಗಿದ್ದರೆ ದೂರಿಗೆ ಬಲವೇ ಬೇರೆ.

ವಿದ್ಯಾರ್ಥಿವೇತನ ಸಹಾಯ, ಬಸವನಗುಡಿ

₹499 ಕಟ್ಟಲು ಹೊರಟವರು ಆ ಒಂದು ಸಂಜೆಯನ್ನು ಇಲ್ಲಿ ಕಳೆಯಲಿ ಎಂದು ಬೇಡಿಕೊಳ್ಳುತ್ತೇನೆ.

8ನೇ ತರಗತಿಯಾದರೆ ಎನ್‌ಎಂಎಂಎಸ್. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಅರ್ಜಿ ಶಾಲೆಯ ಮೂಲಕ. ಎರಡು ಪತ್ರಿಕೆ: ಬೌದ್ಧಿಕ ಸಾಮರ್ಥ್ಯ, ಪಠ್ಯವಿಷಯ, ತಲಾ 90 ಪ್ರಶ್ನೆ, 90 ನಿಮಿಷ. ಪಾಸಾದ ಮೇಲೂ ಹಣ ತಪ್ಪಿಹೋಗುವುದು ಒಂದು ಕಡೆ: ಪ್ರತಿ ವರ್ಷ ಎನ್‌ಎಸ್‌ಪಿಯಲ್ಲಿ ನವೀಕರಣ ಮಾಡಬೇಕು, ಅದನ್ನು ಮರೆಯುತ್ತಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆ ಅಂಕ ಬಂದು ಮನೆಯ ಆದಾಯ ಕಡಿಮೆ ಇದ್ದರೆ ಬೆಂಗಳೂರಿನದೇ ಆದ ಸರೋಜಿನಿ ದಾಮೋದರನ್ ಫೌಂಡೇಶನ್‌ನ ವಿದ್ಯಾಧನ್ ನೋಡಿ. 10 ಮತ್ತು 12 ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ ₹30,000. ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಎಐಸಿಟಿಇ (ತಾಂತ್ರಿಕ ಶಿಕ್ಷಣ ಮಂಡಳಿ) ಕೊಡುವ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ ₹50,000, ಆದಾಯ 8 ಲಕ್ಷದೊಳಗೆ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಇವು ಯಾವುದರಲ್ಲೂ ವೇದಿಕೆ, ಉಡುಪು, ಟಿಕೆಟ್ ಇಲ್ಲ. ಈ ಹೆಸರುಗಳಲ್ಲೂ ನಕಲಿ ಲಿಂಕ್ ಓಡಾಡುತ್ತವೆ, ಆದ್ದರಿಂದ ವಾಟ್ಸಾಪ್ ಲಿಂಕ್ ಒತ್ತದೆ ವೆಬ್‌ಸೈಟನ್ನು ನೀವೇ ಹುಡುಕಿ ತೆರೆಯಿರಿ.

ಎಸ್‌ಎಸ್‌ಪಿಗೆ ಮಗಳ ಆಧಾರ್, ಸ್ಯಾಟ್ಸ್ (ಶಾಲೆಯ ವಿದ್ಯಾರ್ಥಿ ಗುರುತಿನ) ಸಂಖ್ಯೆ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸಿದ್ಧವಿರಲಿ. ಆಧಾರ್‌ನಲ್ಲಿ ‘ಲಕ್ಷ್ಮಿ ಎಂ’, ಶಾಲೆ ದಾಖಲೆಯಲ್ಲಿ ‘ಲಕ್ಷ್ಮೀ ಮಂಜುನಾಥ್’ ಎಂದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಅರ್ಜಿಯ ಕಾಲಕ್ಕೆ ಮುಂಚೆಯೇ ಸರಿಮಾಡಿಸಿ.

ಸುಂಕದಕಟ್ಟೆ ಪೋಷಕಿ

ಬಹಳ ಉಪಕಾರವಾಯಿತು. ಇದನ್ನೆಲ್ಲ ಮುಖ್ಯೋಪಾಧ್ಯಾಯಿನಿಗೆ ತೋರಿಸಿ ಸುತ್ತೋಲೆ ಸಂಖ್ಯೆ ಕೇಳುತ್ತೇವೆ. ಒಂದೇ ಸಂಶಯ: ಆಯ್ಕೆಯಾದವರು ‘ಸಹಭಾಗಿ ಬ್ಯಾಂಕಿನಲ್ಲಿ’ ಝೀರೊ ಬ್ಯಾಲೆನ್ಸ್ ಖಾತೆ ತೆರೆಯಬೇಕು, ಆಧಾರ್ ಜೋಡಿಸಬೇಕು ಎಂದಿದ್ದಾರೆ. ಹಣ ಕೇಳುತ್ತಿಲ್ಲವಲ್ಲ, ಅದರಿಂದ ತೊಂದರೆ ಇದೆಯೇ?

ವಿದ್ಯಾರ್ಥಿವೇತನ ಸಹಾಯ, ಬಸವನಗುಡಿ

ಇದೆ, ದೊಡ್ಡ ತೊಂದರೆಯೇ. ಸರ್ಕಾರದ ಡಿಬಿಟಿ (ಖಾತೆಗೆ ನೇರ ವರ್ಗಾವಣೆ) ಹಣ ಹೋಗುವುದು ರಾಷ್ಟ್ರೀಯ ಪಾವತಿ ನಿಗಮವಾದ ಎನ್‌ಪಿಸಿಐಯಲ್ಲಿ *ಕೊನೆಯದಾಗಿ* ಆಧಾರ್ ಸೀಡ್ (ಜೋಡಣೆ) ಆದ ಖಾತೆಗೆ. ಹೊಸ ಖಾತೆಗೆ ಸೀಡಿಂಗ್ ಮಾಡಿಸಿದ ದಿನದಿಂದ ನಿಮ್ಮ ಮಗಳ ಅಸಲಿ ವಿದ್ಯಾರ್ಥಿವೇತನ ಹಳೆಯ ಪಾಸ್‌ಬುಕ್ಕಿಗೆ ಬರುವುದಿಲ್ಲ, ಅಲ್ಲಿಗೆ ಹೋಗುತ್ತದೆ. ಆ ಖಾತೆಯ ಎಟಿಎಂ ಕಾರ್ಡ್, ಸಿಮ್ ಸ್ಪರ್ಧೆಯವರ ಕೈಯಲ್ಲಿದ್ದರೆ ಬೇರೆಯವರ ವಂಚನೆಯ ಹಣ ಅದರ ಮೂಲಕ ಓಡಾಡಬಹುದು. ಆಗ ಪೊಲೀಸರು ಬರುವುದು ನಿಮ್ಮ ಮನೆಗೆ.

ಈಗಾಗಲೇ ತೆರೆದವರು ಮೈಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿ ನೋಡಿ. ಯಾವ ಬ್ಯಾಂಕಿನ ಹೆಸರು ಬರುತ್ತದೋ ಹಣ ಹೋಗುವುದು ಅಲ್ಲಿಗೆ. ಹಳೆಯ ಬ್ಯಾಂಕಿನ ಶಾಖೆಗೆ ಮಗಳನ್ನೂ ಕರೆದುಕೊಂಡು ಹೋಗಿ ಆಧಾರ್ ಸೀಡಿಂಗ್ ಫಾರಂ ಮತ್ತೆ ಕೊಡಿ, ಕೆಲವು ದಿನ ಬಿಟ್ಟು ಸ್ಟೇಟಸ್ ಬದಲಾಗಿದೆಯೇ ನೋಡಿ. ಬದಲಾದ ಮೇಲೆ ಹೊಸ ಖಾತೆಯನ್ನು ಬರಹದಲ್ಲಿ ಅರ್ಜಿ ಕೊಟ್ಟು ಮುಚ್ಚಿಸಿ, ಸ್ವೀಕೃತಿಗೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ.